ಕೆಮ್ಮೆಂದು ಸುಮ್ಮನಿರಬೇಡಿ, ಉಸಿರೆಣಿಸಿ

ಮನೆಮಂದಿಯ ಆರೋಗ್ಯ



ಮಾಗಿಯ ಚಳಿ ಬಂತೆಂದರೆ ನಮ್ಮ ಯಲಹಂಕದಲ್ಲಿ ಬೆಳಿಗ್ಗೆ ಏಳು ಗಂಟೆಯಾದರೂ ಕೆರೆ ಕಡೆಯ ಮಂಜು ಕರಗಿರುವುದಿಲ್ಲ. ಹಾಲು ತರಲು ಹೋದವರಿಗೆ ನಾಲ್ಕು ಮನೆ ದಾಟುವಷ್ಟರಲ್ಲಿ ನಾಲ್ಕು ಥರದ ಕೆಮ್ಮು ಕೇಳಿಸುತ್ತೆ. ಈ ದಿನಗಳಲ್ಲಿ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ: ಇದು ಬರೀ ಶೀತವೋ, ನ್ಯುಮೋನಿಯಾವೋ, ತಿಳಿಯೋದು ಹೇಗೆ? ದೊಡ್ಡಬಳ್ಳಾಪುರದ ಸೋದರಿಯೊಬ್ಬರು ತಮ್ಮ ಎಂಟು ತಿಂಗಳ ಮಗಳ ಬಗ್ಗೆ ಕೇಳಿದ್ದಾರೆ. ಚಿಂತಾಮಣಿಯ ಇನ್ನೊಬ್ಬರು ಎಪ್ಪತ್ತೈದು ದಾಟಿದ ಅತ್ತೆಯವರ ಬಗ್ಗೆ ಕೇಳಿದ್ದಾರೆ. ಇಬ್ಬರಿಗೂ ಒಂದೇ ಉತ್ತರ ಬರೆದರೆ ತಪ್ಪಾಗುತ್ತೆ. ಯಾಕೆಂದರೆ ಕಾಯಿಲೆ ಒಂದೇ ಆದರೂ ಅದು ಒಂದೊಂದು ವಯಸ್ಸಿನಲ್ಲಿ ಒಂದೊಂದು ವೇಷ ಹಾಕಿಕೊಂಡು ಬರುತ್ತೆ.

ನಾನು ಓದಿರುವುದು ಹೈಸ್ಕೂಲಿನವರೆಗೆ. ಔಷಧಿ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ರೋಗಿಯನ್ನು ಡಾಕ್ಟರ್ ನೋಡುವುದು ಐದು ನಿಮಿಷ, ನಾವು ನೋಡುವುದು ಹಗಲು ರಾತ್ರಿ. ನಮ್ಮ ಕಣ್ಣಿಗೆ ಏನು ಬೀಳಬೇಕು ಅನ್ನೋದು ನಮಗೆ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ.

ಒಳಗೆ ನಡೆಯುವುದೇನು?

ನಮ್ಮ ಶ್ವಾಸಕೋಶ ಜೇನುಗೂಡಿನ ಹಾಗೆ, ಒಳಗೆಲ್ಲ ಸಣ್ಣ ಸಣ್ಣ ಗಾಳಿಗೂಡುಗಳು. ನೆಗಡಿ ಅನ್ನೋದು ಮೂಗು, ಗಂಟಲಿನ ಕಾಯಿಲೆ. ನ್ಯುಮೋನಿಯಾದಲ್ಲಿ ರೋಗಾಣುಗಳು ಕೆಳಗಿಳಿದು ಆ ಗಾಳಿಗೂಡುಗಳಲ್ಲೇ ಮನೆ ಮಾಡುತ್ತವೆ. ಗಾಳಿ ಇರಬೇಕಾದ ಕಡೆ ಕೀವು, ನೀರು ತುಂಬಿಕೊಳ್ಳುತ್ತೆ. ಹೀಗಾದಾಗ ಒಂದು ಉಸಿರಿನಲ್ಲಿ ಬರಬೇಕಾದ ಪ್ರಾಣವಾಯು ಬರುವುದಿಲ್ಲ. ಅದನ್ನು ಸರಿದೂಗಿಸಲು ದೇಹ ಬೇಗಬೇಗ ಉಸಿರಾಡುತ್ತೆ. ಅದಕ್ಕೇ ಈ ಕಾಯಿಲೆಯ ಗುಟ್ಟು ಜ್ವರದಲ್ಲಾಗಲಿ ಕೆಮ್ಮಿನ ಸದ್ದಿನಲ್ಲಾಗಲಿ ಅಷ್ಟಿಲ್ಲ, ಉಸಿರಿನಲ್ಲಿದೆ.

ಇದನ್ನು ಓದು ಬರಹ ಬಾರದ ಹೆಂಗಸರೂ ಕಲಿಯಬಹುದು ಅನ್ನೋದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಮಹಾರಾಷ್ಟ್ರದ ಗಡ್‌ಚಿರೋಲಿ ಕಾಡಿನ ಜಿಲ್ಲೆ. ಅಲ್ಲಿ 1980ರ ದಶಕದಲ್ಲಿ ಡಾ. ಅಭಯ್ ಬಂಗ್ ಮತ್ತು ಅವರ ಪತ್ನಿ ಡಾ. ರಾಣಿ ಬಂಗ್ ಕೆಲಸ ಶುರು ಮಾಡಿದಾಗ ಹಳ್ಳಿಯ ಮಕ್ಕಳು ನ್ಯುಮೋನಿಯಾದಿಂದ ಸಾಯುತ್ತಿದ್ದರು. ಮಕ್ಕಳನ್ನು ದಿನವೂ ನೋಡುತ್ತಿದ್ದವರು ಸೂಲಗಿತ್ತಿಯರು, ಆದರೆ ಅವರಿಗೆ ಐವತ್ತು, ಅರವತ್ತರವರೆಗೆ ಎಣಿಸಲು ಬರುತ್ತಿರಲಿಲ್ಲ. ಅದಕ್ಕೆ ಚೌಕಟ್ಟಿನಲ್ಲಿ ಮಣಿ ಪೋಣಿಸಿ, ಜೊತೆಗೊಂದು ಒಂದು ನಿಮಿಷದ ಮರಳು ಗಡಿಯಾರ ಇಟ್ಟುಕೊಟ್ಟರು. ಹತ್ತು ಉಸಿರಿಗೆ ಒಂದು ಮಣಿ ಸರಿಸಬೇಕು. ಮರಳು ಪೂರ್ತಿ ಇಳಿಯುವುದರೊಳಗೆ ಕೆಂಪು ಮಣಿ ಸರಿಸುವಂತಾದರೆ ನ್ಯುಮೋನಿಯಾ ಅಂತ ಲೆಕ್ಕ. ಹಳ್ಳಿಯವರೇ ಹೀಗೆ ಗುರುತಿಸಿ ಔಷಧಿ ಕೊಟ್ಟಿದ್ದರಿಂದ ಮಕ್ಕಳ ಸಾವು ಕಡಿಮೆಯಾಯಿತೆಂದು 1990ರಲ್ಲಿ ಲ್ಯಾನ್ಸೆಟ್ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2018ರಲ್ಲಿ ಈ ದಂಪತಿಗೆ ಪದ್ಮಶ್ರೀ ಬಂತು. ಮಣಿ ಸರಿಸಿ ಅವರು ಕಲಿತದ್ದನ್ನು ಗೋಡೆ ಗಡಿಯಾರ ಇರುವ ನಾವು ಕಲಿಯಲಾರೆವೇ?

ಎಣಿಸುವ ಕ್ರಮ

ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಬೇಡಿ. ನಿದ್ದೆಯಲ್ಲಿರುವಾಗ ಅಥವಾ ಮಡಿಲಲ್ಲಿ ಸುಮ್ಮನೆ ಮಲಗಿರುವಾಗ ಎಣಿಸಿ. ನಮ್ಮಲ್ಲಿ ಚಳಿ ಅಂದರೆ ಸ್ವೆಟರು, ಕುಲಾವಿ, ಅದರ ಮೇಲೊಂದು ಶಾಲು. ಆ ಮೂಟೆಯೊಳಗೆ ಎದೆ ಹೇಗಾಡುತ್ತಿದೆ ಅಂತ ಯಾರಿಗೆ ಕಾಣಬೇಕು? ಕಿಟಕಿ ಮುಚ್ಚಿ, ಅಂಗಿ ಮೇಲೆತ್ತಿ, ಎದೆ ಹೊಟ್ಟೆ ಎರಡೂ ಕಾಣುವ ಹಾಗೆ ಮಾಡಿಕೊಳ್ಳಿ. ಹೊಟ್ಟೆ ಒಂದು ಸಲ ಏರಿ ಇಳಿದರೆ ಒಂದು ಉಸಿರು. ಒಬ್ಬರು ಗಡಿಯಾರದ ಸೆಕೆಂಡಿನ ಮುಳ್ಳು ನೋಡಲಿ, ಇನ್ನೊಬ್ಬರು ಎಣಿಸಲಿ. ಪೂರ್ತಿ ಒಂದು ನಿಮಿಷ ಎಣಿಸಬೇಕು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಮಕ್ಕಳ ವಿಷಯದಲ್ಲಿ ಬೇಡ, ಅವರ ಉಸಿರು ಒಂದೇ ಸಮ ಇರುವುದಿಲ್ಲ.

ಎರಡು ತಿಂಗಳೊಳಗಿನ ಹಸುಗೂಸು

ಈ ವಯಸ್ಸಿನಲ್ಲೇ ಹೆಚ್ಚು ಎಚ್ಚರ ಬೇಕು. ಕೂಸಿಗೆ ಕೆಮ್ಮು ಬಾರದೇ ಇರಬಹುದು, ಜ್ವರವೂ ಬಾರದೇ ಇರಬಹುದು. ಮೊದಲು ಕಾಣುವುದು ಹಾಲು ಬಿಡುವುದು. ನಿನ್ನೆಯವರೆಗೆ ಚೆನ್ನಾಗಿ ಎಳೆದು ಕುಡಿಯುತ್ತಿದ್ದ ಮಗು ಇವತ್ತು ಎರಡು ಸಲ ಚೀಪಿ ಸುಸ್ತಾಗಿ ಬಿಟ್ಟುಬಿಡುತ್ತೆ, ಎಬ್ಬಿಸಿದರೂ ಏಳದೆ ಮಂಕಾಗಿ ಮಲಗುತ್ತೆ. ಉಸಿರು ಬಿಡುವಾಗ ನರಳಿದ ಹಾಗೆ "ಹ್ಞ, ಹ್ಞ" ಅಂತ ಸದ್ದು ಬರುತ್ತೆ. ಮೈ ಬಿಸಿಯಾಗುವ ಬದಲು ತಣ್ಣಗಾಗುವುದೂ ಉಂಟು, ಅದೂ ಅಷ್ಟೇ ಕೆಟ್ಟದ್ದು.

ಉಸಿರು ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸಲ ಎಣಿಸಿ. ಆಗಲೂ ಅಷ್ಟೇ ಬಂದರೆ ಮನೆಮದ್ದಿನ ಮಾತೇ ಬೇಡ, ನೇರ ಆಸ್ಪತ್ರೆ. ಥರ್ಮಾಮೀಟರಿನಲ್ಲಿ 99.5 ಡಿಗ್ರಿ ಮುಟ್ಟಿದರೂ ಈ ವಯಸ್ಸಿಗೆ ಅದು ಜ್ವರವೇ.

ಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಬಾಗಿಲಲ್ಲೇ ಮಾತಾಡಿಸಿ ಕಳಿಸಬೇಡಿ. ಹೆರಿಗೆಯಾದ ಮೂರನೇ ದಿನದಿಂದ ನಲವತ್ತೆರಡನೇ ದಿನದವರೆಗೆ ಆಕೆ ಆರು ಸಲ ಬಂದು ಬಾಣಂತಿ, ಮಗುವನ್ನು ನೋಡಬೇಕೆಂದು ಏರ್ಪಾಡಿದೆ. ಉಸಿರು ಎಣಿಸುವುದನ್ನು ಆಕೆಯಿಂದಲೇ ಒಂದು ಸಲ ಹೇಳಿಸಿಕೊಳ್ಳಿ.

ಎರಡು ತಿಂಗಳಿಂದ ಐದು ವರ್ಷ

ಎರಡು ತಿಂಗಳು ತುಂಬಿ ಒಂದು ವರ್ಷವಾಗದ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40. ಕೆಮ್ಮು ನೆಗಡಿ ಇದ್ದು, ಉಸಿರು ಈ ಲೆಕ್ಕ ಮುಟ್ಟಿದರೆ ಅಥವಾ ದಾಟಿದರೆ ಅವತ್ತೇ ಡಾಕ್ಟರಿಗೆ ತೋರಿಸಬೇಕು. ದೊಡ್ಡಬಳ್ಳಾಪುರದ ಸೋದರಿಗೆ ಹೇಳಬೇಕಾದ್ದೂ ಇದೇ: ಗೊರಗೊರ ಸದ್ದು ಎಷ್ಟಿದೆ ಅನ್ನೋದಕ್ಕಿಂತ, ಮಲಗಿದ ಮಗಳ ಉಸಿರು ನಿಮಿಷಕ್ಕೆ ಎಷ್ಟು ಅಂತ ನೋಡಿ. ಮೂಗು ಕಟ್ಟಿದ ಮಗು ಗೊರಗೊರ ಅಂದರೂ ಆಟವಾಡುತ್ತೆ, ನಗುತ್ತೆ. ನ್ಯುಮೋನಿಯಾ ಬಂದ ಮಗುವಿಗೆ ಆಟ ಬೇಡವಾಗುತ್ತೆ.

ಎರಡನೆಯ ಗುರುತನ್ನು ನಮ್ಮ ಹಿರಿಯರು "ಪಕ್ಕೆ ಹಾರ್ತಾ ಇದೆ" ಅನ್ನುತ್ತಿದ್ದರು. ಉಸಿರು ಎಳೆದುಕೊಳ್ಳುವಾಗ ಎದೆ ಉಬ್ಬಬೇಕಲ್ಲವೇ? ಈ ಕಾಯಿಲೆ ಜೋರಾದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಗುಳಿ ಬೀಳುತ್ತೆ. ಮೂಗಿನ ಹೊಳ್ಳೆಗಳು ಅರಳುತ್ತವೆ. ಇವು ಕಂಡ ಮೇಲೆ ಎಣಿಸುತ್ತಾ ಕೂರಬೇಕಾಗಿಲ್ಲ, ತಕ್ಷಣ ತೋರಿಸಿ. ಏನು ಕುಡಿಸಿದರೂ ವಾಂತಿ, ಅಥವಾ ಕುಡಿಯಲೇ ಆಗದಿರುವುದು, ಫಿಟ್ಸ್, ತುಟಿ ನಾಲಿಗೆ ನೀಲಿಯಾಗುವುದು, ಎಬ್ಬಿಸಿದರೂ ಕಣ್ಣು ಬಿಡದಿರುವುದು, ಇವುಗಳಲ್ಲಿ ಒಂದೇ ಒಂದಿದ್ದರೂ 108ಕ್ಕೆ ಫೋನ್ ಮಾಡಿ.

ಬೇಗ ಕಂಡುಹಿಡಿದರೆ ಹೆದರುವಂಥದ್ದು ಹೆಚ್ಚಿಲ್ಲ. ಅಪಾಯದ ಗುರುತಿಲ್ಲದ ಎಷ್ಟೋ ಮಕ್ಕಳಿಗೆ ಡಾಕ್ಟರ್ ಬರೆದುಕೊಟ್ಟ ಸಾಮಾನ್ಯ ಔಷಧಿಯಿಂದ ಮನೆಯಲ್ಲೇ ವಾಸಿಯಾಗುತ್ತೆ. ಎರಡು ದಿನ ತಡವಾದರೆ ಅದೇ ಮಗುವಿಗೆ ಆಕ್ಸಿಜನ್ ಹಾಕಬೇಕಾಗಬಹುದು.

ಶಾಲೆಗೆ ಹೋಗುವ ಮಕ್ಕಳು

ಇವರಲ್ಲಿ ಒಂದು ಮೋಸವಿದೆ. ಶ್ವಾಸಕೋಶದ ಕೆಳಭಾಗದಲ್ಲಿ ಕಾಯಿಲೆ ಇದ್ದರೆ ಮಗು "ಅಮ್ಮಾ, ಹೊಟ್ಟೆನೋವು" ಅನ್ನುತ್ತೆ. ನಾವು ಅಜೀರ್ಣ ಅಂತ ಓಮದ ಕಷಾಯ ಮಾಡುತ್ತೇವೆ. ಹೊಟ್ಟೆನೋವಿನ ಜೊತೆ ಜ್ವರ, ಜೋರು ಉಸಿರು ಇದ್ದರೆ ಎದೆಯನ್ನೂ ಪರೀಕ್ಷೆ ಮಾಡಿಸಿ. ಈ ವಯಸ್ಸಿನಲ್ಲಿ ಸುಮ್ಮನೆ ಕೂತಿರುವಾಗ ಉಸಿರು ನಿಮಿಷಕ್ಕೆ 30 ದಾಟಬಾರದು. ಇನ್ನೊಂದು ಬಗೆಯದು ಸದ್ದಿಲ್ಲದೆ ಬರುತ್ತೆ. ಮಗು ಶಾಲೆಗೂ ಹೋಗುತ್ತೆ, ಊಟವನ್ನೂ ಅಷ್ಟಿಷ್ಟು ಮಾಡುತ್ತೆ. ಆದರೆ ಒಣಕೆಮ್ಮು, ತಲೆನೋವು, ಸಣ್ಣ ಜ್ವರ ವಾರ ಕಳೆದರೂ ಬಿಡುವುದಿಲ್ಲ. ಇದಕ್ಕೆ ಕೊಡುವ ಔಷಧಿಯೇ ಬೇರೆ, ಆದ್ದರಿಂದ ಹಳೇ ಚೀಟಿ ತೋರಿಸಿ ಅಂಗಡಿಯಲ್ಲಿ ಔಷಧಿ ತರಬೇಡಿ.

ದುಡಿಯುವ ವಯಸ್ಸಿನವರು

ಪುಸ್ತಕದಲ್ಲಿ ಬರೆದ ಹಾಗೆ ನ್ಯುಮೋನಿಯಾ ಕಾಣುವುದು ಇವರಲ್ಲಿ. ಇದ್ದಕ್ಕಿದ್ದ ಹಾಗೆ ಹಲ್ಲು ಕಟಕಟ ಅನ್ನುವಂಥ ನಡುಕ, ಮೇಲೆ ಜೋರು ಜ್ವರ, ಕೆಮ್ಮು. ಉಸಿರು ಎಳೆದರೆ ಒಂದು ಪಕ್ಕೆಯಲ್ಲಿ ಚುಚ್ಚಿದ ಹಾಗೆ ನೋವು. ಕಫ ಹಳದಿ, ಹಸಿರು, ಕೆಲವು ಸಲ ಕಬ್ಬಿಣದ ತುಕ್ಕಿನ ಬಣ್ಣ.

ಆದರೆ ಗಂಡಸರಿಂದ ಈ ವಿವರ ಹೊರಡಿಸುವುದೇ ಕಷ್ಟ. ಯಶವಂತಪುರದ ಮಾರ್ಕೆಟ್ ಯಾರ್ಡಿನಲ್ಲಿ ಮೂಟೆ ಹೊರುವವರನ್ನು ಕೇಳಿ, ಪಕ್ಕೆನೋವು ಅಂದರೆ "ಭಾರ ಎತ್ತಿದ್ದಕ್ಕೆ ಹಿಡಕೊಂಡಿದೆ" ಅನ್ನುತ್ತಾರೆ, ಕೆಮ್ಮು ಅಂದರೆ "ಧೂಳು" ಅನ್ನುತ್ತಾರೆ. ಹಿಡಕೊಂಡ ನೋವಿಗೆ ಜ್ವರ ಬರುವುದಿಲ್ಲ, ನಡುಕ ಬರುವುದಿಲ್ಲ. ಬೀಡಿ ಸಿಗರೇಟು, ಕುಡಿತ, ಸಕ್ಕರೆ ಕಾಯಿಲೆ, ಉಬ್ಬಸ ಇರುವವರಲ್ಲಿ ಇನ್ನೂ ಎಚ್ಚರ ಬೇಕು. ದೊಡ್ಡವರ ಉಸಿರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20. ಅದು 25 ಮುಟ್ಟಿದರೆ ಅವತ್ತೇ ತೋರಿಸಿ, 30 ಆದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ. ಅವರಿಗೆ ಗೊತ್ತಾಗುವಂತೆ ಎಣಿಸಿದರೆ ಉಸಿರು ಬಿಗಿಹಿಡಿಯುತ್ತಾರೆ. ನಾಡಿ ನೋಡುವ ಹಾಗೆ ಕೈ ಹಿಡಿದು, ಕಣ್ಣು ಎದೆಯ ಮೇಲಿಟ್ಟು ಎಣಿಸಿ. ಕೆಮ್ಮು ಎರಡು ವಾರ ದಾಟಿದರೆ ಕಫದ ಪರೀಕ್ಷೆ ಆಗಲೇಬೇಕು, ಕ್ಷಯವೂ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆಗೆ ದುಡ್ಡು ಕೊಡಬೇಕಾಗಿಲ್ಲ.

ಇನ್ನು ನಮ್ಮ ಮಾತು. ಮನೆಯವರಿಗೆಲ್ಲ ಕಷಾಯ ಮಾಡಿಕೊಟ್ಟು, ತಾನು ಪಕ್ಕೆ ಹಿಡಿದುಕೊಂಡೇ ಪಾತ್ರೆ ತೊಳೆಯುವವರು ನಾವು. ಮೆಟ್ಟಿಲು ಹತ್ತಿ ಬಂದು ಒಂದು ವಾಕ್ಯ ಪೂರ್ತಿ ಹೇಳಲಾಗದೆ ನಡುವೆ ಉಸಿರು ಕಟ್ಟುತ್ತಿದ್ದರೆ, ಅದು ಸುಸ್ತು ಅಂತ ತಳ್ಳಿಹಾಕಬೇಡಿ. ಬಸುರಿಯರಂತೂ ಒಂದು ದಿನವೂ ಕಾಯಬಾರದು.

ಹಿರಿಯರು

ಚಿಂತಾಮಣಿಯ ಸೋದರಿ ಬರೆದಿರುವುದು: "ಅತ್ತೆಗೆ ಜ್ವರ ಇಲ್ಲ, ಕೆಮ್ಮೂ ಅಷ್ಟಿಲ್ಲ. ಎರಡು ದಿನದಿಂದ ಊಟ ಬೇಡ ಅಂತಾರೆ, ಏನೇನೋ ಮಾತಾಡ್ತಾರೆ." ಈ ಪತ್ರ ಓದಿದ ಕೂಡಲೇ ನಮ್ಮ ಬೀದಿ ಕೊನೆಯ ಮನೆಯ ಅಜ್ಜಿಯ ನೆನಪಾಯಿತು. ಎಪ್ಪತ್ತೆಂಟು ವಯಸ್ಸು, ದಿನಾ ಬೆಳಿಗ್ಗೆ ತಾವೇ ಹೂ ಬಿಡಿಸಿ ದೇವರಿಗೆ ಏರಿಸುವವರು. ಒಂದು ದಿನ ಮೊಮ್ಮಗನನ್ನು ಎಂದೋ ತೀರಿಕೊಂಡ ತಮ್ಮ ಅಣ್ಣನ ಹೆಸರಿಡಿದು ಕರೆದರು. ಸಂಜೆ ಬಚ್ಚಲುಮನೆಯಲ್ಲಿ ಕಾಲು ತೊಡರಿ ಕೂತುಬಿಟ್ಟರು. ಮನೆಯವರು ಅರವತ್ತಕ್ಕೆ ಅರಳು ಮರಳು ಅಂದರು. ಸೊಸೆ ಮಾತ್ರ, "ನಿನ್ನೆ ಸರಿಯಾಗಿದ್ದವರಿಗೆ ಇವತ್ತೊಂದೇ ದಿನಕ್ಕೆ ಅರಳು ಮರಳು ಹೇಗಾಗುತ್ತೆ?" ಅಂತ ಪಕ್ಕದಲ್ಲಿ ಕೂತು ಉಸಿರು ಎಣಿಸಿದಳು. ಮೂವತ್ತೆರಡು. ರಾತ್ರಿಯೇ ಕರೆದುಕೊಂಡು ಹೋದರು. ಎಕ್ಸ್‌ರೇಯಲ್ಲಿ ಬಲಗಡೆಯ ಶ್ವಾಸಕೋಶದಲ್ಲಿ ಬಿಳೀ ಮಚ್ಚೆ. ಹತ್ತು ದಿನದ ನಂತರ ಅಜ್ಜಿ ಮನೆಗೆ ಬಂದರು, ಮೊಮ್ಮಗನ ಹೆಸರು ಸರಿಯಾಗಿ ಕರೆದರು.

ಆ ಸೊಸೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮುಪ್ಪಿನ ಮರೆವು ತಿಂಗಳು ವರ್ಷಗಳಲ್ಲಿ ನಿಧಾನವಾಗಿ ಬರುವಂಥದ್ದು. ಒಂದೆರಡು ದಿನದಲ್ಲಿ ಬಂದ ಗೊಂದಲ, ಏಕಾಏಕಿ ಬೀಳುವುದು, ಊಟ ಬಿಡುವುದು, ಹಾಸಿಗೆಯಲ್ಲೇ ಮೂತ್ರವಾಗುವುದು ಯಾವುದೋ ಕಾಯಿಲೆಯ ಗುರುತು, ಮತ್ತು ಆ ಕಾಯಿಲೆ ಬಹಳ ಸಲ ನ್ಯುಮೋನಿಯಾ. ವಯಸ್ಸಾದ ಮೈಗೆ ಜ್ವರ ಏರಿಸುವ ಶಕ್ತಿ ಕುಂದಿರುತ್ತೆ, ಕೆಮ್ಮುವ ಕಸುವೂ ಇರುವುದಿಲ್ಲ. ಜ್ವರ ಬರಲಿ, ಆಮೇಲೆ ನೋಡೋಣ ಅಂದರೆ ಅದು ಬಾರದೇ ಹೋಗಬಹುದು. ಚಿಂತಾಮಣಿಯ ಸೋದರಿಗೆ ನಾನು ಆಗಲೇ ಫೋನಿನಲ್ಲಿ ಹೇಳಿದ್ದೇನೆ, ಪತ್ರಿಕೆ ಬರುವವರೆಗೆ ಕಾಯುವ ವಿಷಯವಲ್ಲ ಇದು.

ಹಿರಿಯರಲ್ಲಿ ಈ ಕಾಯಿಲೆ ಎಷ್ಟು ಬಿರುಸು ಅನ್ನುವುದನ್ನು ನಾಡಿನವರೆಲ್ಲ ಕಂಡಿದ್ದೇವೆ. ಪೇಜಾವರ ಮಠದ ಶ್ರೀ ವಿಶ್ವೇಶತೀರ್ಥ ಸ್ವಾಮೀಜಿಯವರನ್ನು ಉಸಿರಾಟದ ತೊಂದರೆಯೆಂದು 2019ರ ಡಿಸೆಂಬರ್ 20ರಂದು ಮಣಿಪಾಲದ ಕೆ.ಎಂ.ಸಿ. ಆಸ್ಪತ್ರೆಗೆ ಸೇರಿಸಿದರು. ನ್ಯುಮೋನಿಯಾಕ್ಕೆ ಚಿಕಿತ್ಸೆ ನಡೆಯಿತು. ಉಡುಪಿಗೆ ಅಂಟಿಕೊಂಡಂತಿರುವ ದೊಡ್ಡ ಆಸ್ಪತ್ರೆ, ಕಾವಲಿಗೆ ವೈದ್ಯರ ತಂಡ. ಆದರೂ ಅದೇ 29ರಂದು ಅವರು ಕೃಷ್ಣೈಕ್ಯರಾದರು. ಆಗ ಅವರಿಗೆ 88 ವರ್ಷ. ಅಂಥ ಏರ್ಪಾಡಿನ ನಡುವೆಯೇ ಹೀಗಾದರೆ, ತಾಲ್ಲೂಕು ಆಸ್ಪತ್ರೆಗೆ ಇಪ್ಪತ್ತು ಮೈಲಿ ಹೋಗಬೇಕಾದ ನಮಗೆ ಒಂದೊಂದು ಗಂಟೆಯೂ ದೊಡ್ಡದು.

ಹಿರಿಯರಿಗೆ ಊಟವನ್ನು ಕೂರಿಸಿಯೇ ಕೊಡಿ, ಊಟವಾದ ಅರ್ಧ ಗಂಟೆ ಮಲಗಿಸಬೇಡಿ. ಅನ್ನದ ಅಗುಳು, ನೀರು ಶ್ವಾಸನಾಳಕ್ಕೆ ಇಳಿದರೆ ಅದರಿಂದಲೂ ನ್ಯುಮೋನಿಯಾ ಬರುತ್ತೆ. ಬಾಯಿ, ಕಟ್ಟಿಸಿದ ಹಲ್ಲು ದಿನವೂ ಶುಚಿಯಾಗಿರಲಿ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಡ್ರಾಯರಿನಲ್ಲಿ ಬಿದ್ದಿದ್ದರೆ ತೆಗೆದು ಹೊಸ ಸೆಲ್ ಹಾಕಿ. ಉಗುರುಬಣ್ಣ, ಮೆಹಂದಿ ಇಲ್ಲದ ಬೆರಳಿಗೆ ಸಿಕ್ಕಿಸಿ. 94ಕ್ಕಿಂತ ಕೆಳಗಿದ್ದರೆ ಅವತ್ತೇ ಡಾಕ್ಟರು, 90ಕ್ಕಿಂತ ಕೆಳಗಾದರೆ ಆಗಲೇ ಆಸ್ಪತ್ರೆ. ಮೀಟರು ಚೆನ್ನಾಗಿ ತೋರಿಸಿತು ಅಂತ ಮಿಕ್ಕ ಗುರುತುಗಳನ್ನು ಮರೆಯಬೇಡಿ.

ನಮ್ಮ ಮನೆಗಳಲ್ಲಿ ಬಿಡಬೇಕಾದ ಪದ್ಧತಿಗಳು

ಹಿರಿಯರಿಗೆ ನೋವಾಗದ ಹಾಗೆ ಹೇಳಿ, ಆದರೆ ಹೇಳಿ. ಎಣ್ಣೆ ಸ್ನಾನವಾದ ಮೇಲೆ ಕೂಸಿನ ಮೂಗಿಗೆ ಎಣ್ಣೆ ಬಿಡುವುದು ಬೇಡ. ಮಲಗಿಸಿ ಮೂಗು ಹಿಡಿದು ಒಳಲೆಯಲ್ಲಿ ಹರಳೆಣ್ಣೆ ಹೊಯ್ಯುವುದೂ ಬೇಡ. ಆ ಎಣ್ಣೆ ಶ್ವಾಸಕೋಶಕ್ಕಿಳಿದರೆ ಅದೇ ಒಂದು ಬಗೆಯ ನ್ಯುಮೋನಿಯಾ, ವಾಸಿಯಾಗುವುದೂ ನಿಧಾನ. ಸಾಂಬ್ರಾಣಿ ಹೊಗೆ ಹಾಕಿ ಬಾಣಂತಿ ಕೋಣೆಯ ಬಾಗಿಲು ಮುಚ್ಚಬೇಡಿ. ನೀರೊಲೆಯ ಹೊಗೆ, ಸೊಳ್ಳೆಬತ್ತಿ, ಬೀಡಿ ಇವೆಲ್ಲ ಮಗುವಿನಿಂದ ದೂರವಿರಲಿ. ಬರೆ ಹಾಕಿಸುವುದು ಮಗುವಿಗೆ ಮಾಡುವ ಹಿಂಸೆ, ರೋಗಕ್ಕೆ ಅದರಿಂದ ಏನೂ ಆಗುವುದಿಲ್ಲ. ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ಎರಡು ನಿಮಿಷದ ಕೆಲಸ. ಆದರೆ ಆಟೋ ಬಾಗಿಲಿಗೆ ಬರುವಷ್ಟರಲ್ಲಿ ಮುಗಿಸಿ.

ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಕೊಡಬಾರದು. ಅಂಗಡಿಯ ಕೆಮ್ಮಿನ ಸಿರಪ್ಪೂ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧಿ ಬರೆಯಲೂ ಬಾರದು, ಕೊಡಲೂ ಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ ಸೂಚನೆ ಕೊಟ್ಟಿದೆ. ಮತ್ತೆ, ಡಾಕ್ಟರ್ ಐದು ದಿನಕ್ಕೆ ಕೊಟ್ಟ ಔಷಧಿಯನ್ನು ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಿ, ಮಿಕ್ಕದ್ದನ್ನು ಪಕ್ಕದ ಮನೆಗೆ ಕೊಡುವ ಉದಾರತೆ ಬೇಡ.

ಹೊರಡುವುದಾದರೆ ಹಗಲಿನಲ್ಲೇ ಹೊರಡಿ. ಸಂಜೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ಆಂಬುಲೆನ್ಸು ದಾರಿ ಸಿಗದೆ ಕೂಗುತ್ತಾ ನಿಲ್ಲುವುದನ್ನು ನಾವಿಲ್ಲಿ ನೋಡುತ್ತಲೇ ಇರುತ್ತೇವೆ. ಬೆಳಿಗ್ಗೆ ಅನುಮಾನ ಬಂದರೆ ಮಧ್ಯಾಹ್ನದೊಳಗೆ ಹತ್ತಿರದ ಆಸ್ಪತ್ರೆಗೆ ತೋರಿಸಿ, ರಾತ್ರಿಯಾದ ಮೇಲೆ ದೊಡ್ಡಾಸ್ಪತ್ರೆಗೆ ಓಡುವ ಪಾಡು ತಪ್ಪುತ್ತೆ.

ಲಸಿಕೆ ಮರೆಯಬೇಡಿ

ನ್ಯುಮೋಕಾಕಸ್ ಎಂಬ ರೋಗಾಣುವಿನ ವಿರುದ್ಧದ ಪಿ.ಸಿ.ವಿ. ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ, ಹೀಗೆ ಮೂರು ಸಲ. ಆರು, ಹತ್ತು, ಹದಿನಾಲ್ಕನೇ ವಾರದ ಪೆಂಟಾವೇಲೆಂಟ್, ಒಂಬತ್ತನೇ ತಿಂಗಳ ದಡಾರದ ಲಸಿಕೆ ಕೂಡ ಈ ಕಾಯಿಲೆಯಿಂದ ಕಾಪಾಡುತ್ತವೆ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ಬೇರೇನೂ ಬೇಡ. ಹಿರಿಯರಿಗೂ ನ್ಯುಮೋನಿಯಾ, ಫ್ಲೂ ಲಸಿಕೆಗಳಿವೆ, ನಿಮ್ಮ ಡಾಕ್ಟರನ್ನು ಕೇಳಿ.

ಕತ್ತರಿಸಿ ಕ್ಯಾಲೆಂಡರಿನ ಪಕ್ಕ ಅಂಟಿಸಿ

ನಿಮಿಷಕ್ಕೆ ಉಸಿರು ಇಷ್ಟಾದರೆ ಡಾಕ್ಟರು:
- 2 ತಿಂಗಳೊಳಗೆ: 60
- 2 ತಿಂಗಳಿಂದ 1 ವರ್ಷ: 50
- 1ರಿಂದ 5 ವರ್ಷ: 40
- ಶಾಲೆಯ ಮಕ್ಕಳು: 30
- ದೊಡ್ಡವರು, ಹಿರಿಯರು: 25 (30 ಆದರೆ ಕೂಡಲೇ ಆಸ್ಪತ್ರೆ)

ಲೆಕ್ಕ ಎಷ್ಟೇ ಇರಲಿ, ಪಕ್ಕೆ ಗುಳಿ ಬಿದ್ದರೆ, ತುಟಿ ನೀಲಿಯಾದರೆ, ಕುಡಿಯಲಾಗದಿದ್ದರೆ, ಫಿಟ್ಸ್ ಬಂದರೆ, ಎಚ್ಚರ ತಪ್ಪಿದರೆ, ಮಾತು ತಪ್ಪಿದರೆ: 108.

ಚೇತರಿಸಿಕೊಳ್ಳುವವರಿಗೆ ಗಂಜಿ

ಜ್ವರ ಬಿಟ್ಟರೂ ನಿಶ್ಶಕ್ತಿ ವಾರಗಟ್ಟಲೆ ಇರುತ್ತೆ. ಅದಕ್ಕೆ ಈ ಗಂಜಿ. ಅರ್ಧ ಬಟ್ಟಲು ಅಕ್ಕಿ, ಕಾಲು ಬಟ್ಟಲು ಹೆಸರುಬೇಳೆ ಬೇರೆ ಬೇರೆಯಾಗಿ ಘಮ್ಮೆನ್ನುವಂತೆ ಹುರಿದು, ಆರಿದ ಮೇಲೆ ಸಣ್ಣ ರವೆಯ ಹದಕ್ಕೆ ಪುಡಿ ಮಾಡಿ ಡಬ್ಬಿಗೆ ತುಂಬಿ. ಬೇಕಾದಾಗ ಎರಡು ದೊಡ್ಡ ಚಮಚ ಪುಡಿಯನ್ನು ತಣ್ಣೀರಿನಲ್ಲಿ ಕದಡಿ, ಕುದಿಯುವ ಎರಡು ಲೋಟ ನೀರಿಗೆ ಹಾಕಿ, ಗಂಟಾಗದಂತೆ ಕೈಯಾಡಿಸುತ್ತಾ ಹತ್ತು ನಿಮಿಷ ಬೇಯಿಸಿ. ಚಿಟಿಕೆ ಜೀರಿಗೆ ಪುಡಿ, ಚಿಟಿಕೆ ಮೆಣಸಿನ ಪುಡಿ, ಉಪ್ಪು, ಇಳಿಸುವಾಗ ಅರ್ಧ ಚಮಚ ತುಪ್ಪ. ಮೆಣಸು ಅಂದರೆ ಕರಿಮೆಣಸು, ಚಿಕ್ಕ ಮಕ್ಕಳಿಗೆ ಅದನ್ನು ಬಿಡಿ. ಒಂದೇ ಸಲ ಹೊಟ್ಟೆ ತುಂಬಾ ಕೊಡದೆ ಎರಡೆರಡು ಗಂಟೆಗೆ ಅರ್ಧ ಲೋಟ, ಕೂರಿಸಿ ಕುಡಿಸಿ.

ಮುಂದಿನ ಸಂಚಿಕೆಯಲ್ಲಿ ಮಕ್ಕಳ ಕಿವಿನೋವಿನ ಬಗ್ಗೆ ಬರೆಯುತ್ತೇನೆ. ಪತ್ರ ಬರೆಯುವ ಸೋದರಿಯರು ರೋಗಿಯ ವಯಸ್ಸನ್ನು ತಪ್ಪದೆ ಬರೆಯಿರಿ. ಉಸಿರಿನ ತೊಂದರೆಯಾದರೆ ಮಾತ್ರ ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ.